ಮೊಲದ ಕಿವಿಯ ಹಿಂದಿನ ದೀಪ

ನಾನು ನಿಂತಿದ್ದು ಮೇಜಿನ ಎಡತುದಿಯಲ್ಲಿ, ಕ್ಯಾಮೆರಾದ ಹಿಂದೆ. ಬೈಲಹೊಂಗಲದ ಒಂದು ಔಷಧಶಾಸ್ತ್ರ ಕಾಲೇಜಿನ ನೆಲಮಹಡಿ, ಉತ್ತರದ ಕೊನೆಯ ಕೋಣೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಕ್ರಾಂತಿ ಕಳೆದ ವಾರ, ಹುಡುಗರು ಊಟಕ್ಕೆ ಹೋದ ಹೊತ್ತು. ಮೇಜಿನ ನಡುವೆ ಒಂದು ಕಟ್ಟಿಗೆಯ ಪೆಟ್ಟಿಗೆ. ಅದರೊಳಗೆ ಕೂರಿಸಿದ ಬಿಳಿ ಮೊಲದ ತಲೆ ಮತ್ತು ಕಿವಿಗಳಷ್ಟೇ ಹೊರಗೆ. ಎಡಗಿವಿಯ ಹಿಂದೆ ತಗಡಿನ ಡಬ್ಬಿಯಲ್ಲಿ ಒಂದು ಬಲ್ಬು. ಮೊಲದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತವನು ಮೌಲಾಸಾಬ. ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದವನು, ನೇಸರಗಿಯಿಂದ ದಿನಾ ಬಸ್ಸಿಗೆ ಬಂದುಹೋಗುತ್ತಿದ್ದ. ಅವನ ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರಾದ ಪಟ್ಟಣಶೆಟ್ಟಿ ಸರ್. ಬಾಗಿಲ ಹತ್ತಿರ, ಆ ವರ್ಷವೇ ಸೇರಿದ್ದ ಉಪನ್ಯಾಸಕಿ ಸುಮಂಗಲಾ ಮೇಡಂ.

ಕ್ಯಾಮೆರಾದ ತಂತಿ ಟೀವಿಗೆ ಹೋಗಿತ್ತು. ಮೌಲಾ ದೀಪದ ಗುಂಡಿ ಒತ್ತಿದಾಗ ಕಿವಿಯಿಂದ ಬೆಳಕು ಹಾದು, ಪರದೆಯ ತುಂಬ ಕೆಂಪು ಬಣ್ಣ ಹರಡಿ, ಅದರ ನಡುವೆ ದಾರದಂಥ ಒಂದು ಧಮನಿ ಕಂಡಿತು. ನಾನು ಚಿತ್ರ ಹಿಡಿದೆ. ದೀಪ ಆರಿತು. ಸರ್ ಎಣ್ಣೆಯ ಬಟ್ಟಲನ್ನು ಮುಂದೆ ಸರಿಸಿ, "ಮೌಲಾ, ಹಚ್ಚು" ಎಂದರು. ಮೌಲಾ ಬಲಗೈಯಿಂದ ಕಿವಿಗೆ ಎಣ್ಣೆ ಹಚ್ಚಿದ. ಪರದೆ ಮತ್ತೆ ಬೆಳಗಿತು. ನಾವು ನೋಡುತ್ತಿದ್ದಂತೆಯೇ ದಾರ ದಪ್ಪವಾಯಿತು, ಅದರ ಕವಲುಗಳೆಲ್ಲ ಒಂದೊಂದಾಗಿ ಎದ್ದುಬಂದವು. ಸರ್ ನನ್ನ ಹೆಗಲ ಮೇಲೆ ಕೈ ಇಟ್ಟರು.

ಯಾರು ಎಲ್ಲಿದ್ದರು ಎಂದು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಅಂದು ಎಲ್ಲರ ಕಣ್ಣೂ ಟೀವಿಯ ಮೇಲಿತ್ತು. ಮೌಲಾನ ಎಡಗೈ ಏನು ಮಾಡಿತೆಂದು ಯಾರೂ ನೋಡಲಿಲ್ಲ.

ಈಗ ಈ ಕೆಲಸಕ್ಕೆ ಬರುವವರಿಗೆ ಹಿಂದಿನ ರೀತಿ ಗೊತ್ತಿರಲಿಕ್ಕಿಲ್ಲ. ನಾನು ಪ್ರಯೋಗಾಲಯದ ಸಹಾಯಕನಾಗಿ ಸೇರಿದಾಗ, ಒಂದು ಔಷಧ ರಕ್ತನಾಳಕ್ಕೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಪ್ರಾಣಿಯನ್ನು ಕೊಯ್ಯಬೇಕಿತ್ತು. ಕುತ್ತಿಗೆಯ ಧಮನಿಗೆ ಗಾಜಿನ ಕೊಳವೆ ತೂರಿಸಿ, ರಕ್ತದ ಒತ್ತಡ ಒಂದು ಕಡ್ಡಿಯನ್ನು ಅಲುಗಿಸುವಂತೆ ಜೋಡಿಸುತ್ತಿದ್ದೆವು. ತಿರುಗುವ ಡ್ರಮ್ಮಿಗೆ ಸುತ್ತಿದ ಮಸಿ ಕಾಗದದ ಮೇಲೆ ಆ ಕಡ್ಡಿ ಗೀರುತ್ತಿತ್ತು. ಕಾಗದವನ್ನು ಸೀಮೆಎಣ್ಣೆಯ ಹೊಗೆಗೆ ಹಿಡಿದು ಮಸಿ ಕೂರಿಸುವುದು ನನ್ನ ಕೆಲಸ. ಸಂಜೆ ಮೂಗು ಸೀನಿದರೆ ಕರಿ ಬರುತ್ತಿತ್ತು. ಗೀರು ಇಳಿಯಿತು, ಅಂದರೆ ನಾಳ ಹಿಗ್ಗಿತು ಎಂದು ಸರ್ ಹೇಳಿದರೆ ನಾವು ನಂಬುತ್ತಿದ್ದೆವು. ನಮಗೆ ಕಾಣುತ್ತಿದ್ದದ್ದು ಗೀರು ಮಾತ್ರ. ಪ್ರಯೋಗ ಮುಗಿದ ಮೇಲೆ ಪ್ರಾಣಿ ಗೂಡಿಗೆ ಮರಳುತ್ತಿರಲಿಲ್ಲ. ಅದನ್ನು ಚೀಲಕ್ಕೆ ಹಾಕಿ ಹಿತ್ತಲಿನ ಗುಂಡಿಗೆ ಒಯ್ಯುವುದು ಮೌಲಾನ ಪಾಲಿಗೆ ಬರುತ್ತಿತ್ತು.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನಿಯಮಗಳು ಬಿಗಿಯಾಗತೊಡಗಿದ ಕಾಲವದು. ಕೊಯ್ಯದೆ, ಚುಚ್ಚದೆ, ಹೊರಗಿನಿಂದಲೇ ನಾಳವನ್ನು ನೋಡುವ ದಾರಿ ಹುಡುಕಬೇಕು ಎಂದು ಸರ್ ಹಟ ಹಿಡಿದರು. ದೊಡ್ಡ ಊರುಗಳಲ್ಲಿ ಅದಕ್ಕೆ ಯಂತ್ರಗಳಿದ್ದವು. ನಮ್ಮಲ್ಲಿ ಮೊಲದ ತೆಳು ಕಿವಿ ಇತ್ತು, ಒಂದು ಬಲ್ಬು ಇತ್ತು, ಮದುವೆಗಳನ್ನು ಚಿತ್ರೀಕರಿಸುವ ಒಂದು ಹಳೆಯ ವಿಡಿಯೋ ಕ್ಯಾಮೆರಾ ಇತ್ತು. ಹುಡುಗನಾಗಿದ್ದಾಗ ಸೋದರಮಾವನ ಫೋಟೋ ಸ್ಟುಡಿಯೋದಲ್ಲಿ ದುಡಿದವನೆಂದು ಕ್ಯಾಮೆರಾ ನನ್ನ ಕೈಗೆ ಬಂತು.

ಮೊದಲ ದಿನ ಮೊಲವನ್ನು ಪೆಟ್ಟಿಗೆಯಿಂದ ಎತ್ತಿಕೊಳ್ಳುತ್ತ ಮೌಲಾ ನನ್ನನ್ನು ಕೇಳಿದ್ದ: "ಬಸಣ್ಣಾ, ಇದು ವಾಪಸ್ ಮನಿಗಿ ಹೋಗೂದೇನು?"

"ಹೌದೋ. ಇನ್ನ ಎಲ್ಲಾವೂ ವಾಪಸ್ ಹೋಗತಾವ."

"ಹಂಗಾರ ಇನ್ನಮ್ಯಾಲೆ ಹೆಸರ ಇಡಾಕ ಅಡ್ಡಿ ಇಲ್ಲ ಬಿಡು."

ಅಷ್ಟು ವರ್ಷ ಅವನು ಒಂದಕ್ಕೂ ಹೆಸರಿಟ್ಟಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಎಡವಟ್ಟುಗಳು ಬಹಳ ಆದವು. ಕಿತ್ತೂರಿನಾಚೆ ದೇಗಾಂವದಲ್ಲಿ ಒಬ್ಬರು ಮೊಲ ಸಾಕುತ್ತಿದ್ದರು. ನಾನು ಹೋಗಿ ಗಟ್ಟಿಮುಟ್ಟಾಗಿವೆ ಎಂದು ಕಂದು ಬಣ್ಣದವನ್ನೇ ಆರಿಸಿ ತಂದೆ. ದೀಪ ಬೆಳಗಿದರೆ ಪರದೆಯ ಮೇಲೆ ಏನೂ ಇಲ್ಲ. ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಬಸಪ್ಪಾ, ಕಂಬಳಿ ಹಿಂದ ದೀಪ ಇಟ್ಟು ಅದರಾಗ ಏನ್ ಹುಡುಕೂಣಪಾ?" ಮರುದಿನ ನಾನು ಅದೇ ಬುಟ್ಟಿ ಹೊತ್ತುಕೊಂಡು ಅದೇ ಬಸ್ಸಿಗೆ ಹೋಗಿ ಬಿಳಿಯವನ್ನು ತಂದೆ.

ಇನ್ನೊಮ್ಮೆ ಒಂದು ಮಾತ್ರೆಯ ಪುಡಿ ಕೊಟ್ಟ ಮೊಲಗಳ ಕಿವಿ ಬಿಳಿಚಿಕೊಂಡು, ನಾಳಗಳು ಕೂದಲಷ್ಟು ಸಣ್ಣಗಾದವು. ಇಂಥ ಬಲವಾದ ಔಷಧ ಕಂಡಿಲ್ಲ ಎಂದು ಸರ್ ಹಿಗ್ಗಿದರು. ಮರುದಿನ ಮತ್ತೆ ಕೊಟ್ಟರೆ ಏನೂ ಆಗಲಿಲ್ಲ. ಹಿಂದಿನ ದಿನ ಹುಣ್ಣಿಮೆ. ಸವದತ್ತಿ ಎಲ್ಲವ್ವನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳು ಕಾಲೇಜಿನ ಮುಂದೆ ಸಾಲಾಗಿ ನಿಂತು, ಜನ ಜಗ್ಗಲಗಿ ಬಾರಿಸುತ್ತಿದ್ದರು. ಆ ಸದ್ದಿಗೆ ಮೊಲಗಳು ಬೆದರಿದ್ದವು, ಬೆದರಿದ ಮೊಲದ ಕಿವಿ ಬಿಳಿಚುತ್ತದೆ. ಸರ್ ತಾವೇ ನಕ್ಕು ಅದಕ್ಕೆ "ಎಲ್ಲವ್ವನ ಔಷಧ" ಎಂದು ಹೆಸರಿಟ್ಟರು. ತಪ್ಪು ತಮ್ಮದಾದಾಗ ನಗುವ ಗುಣ ಅವರಿಗಿತ್ತು. ಆ ಗುಣವನ್ನು ನಾನು ಬಹಳ ಮೆಚ್ಚುತ್ತಿದ್ದೆ. ಈಗ ಅದರ ಬಗ್ಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

ರಾಮದುರ್ಗದ ಎಣ್ಣೆಯ ಸುದ್ದಿ ತಂದದ್ದು ಆ ಕಡೆಯ ಒಬ್ಬ ವಿದ್ಯಾರ್ಥಿ. ಅಲ್ಲಿ ಒಂದು ನೇಕಾರರ ಮನೆಯಲ್ಲಿ ಮುದುಕಿಯೊಬ್ಬಳು ಬೇರುಗಳನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ ಕೊಡುತ್ತಿದ್ದಳು. ಚಳಿಗಾಲದಲ್ಲಿ ಮಗ್ಗದವರ ಬೆರಳು ಜೋಮು ಹಿಡಿದರೆ ಅದನ್ನು ಹಚ್ಚಿಕೊಳ್ಳುತ್ತಿದ್ದರು. ನಾನು ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೋಗಿ ಕೇಳಿದೆ. ಮೊಲಗಳಿಗೆ ಬೇಕು ಎಂದಾಗ ಮುದುಕಿ ಸೊಸೆಯನ್ನು ಕೂಗಿ ಕರೆದಳು. "ಏ ನೀಲವ್ವಾ, ಬಾರ ಇಲ್ಲಿ. ಮೊಲಕ್ಕ ಹಚ್ಚತಾರಂತ! ಅಲ್ಲೋ ಯಪ್ಪಾ, ನಿಮ್ಮ ಮೊಲ ದಿನಕ್ಕ ಎಷ್ಟ ಸೀರಿ ನೇಯತಾವು?" ಆದರೂ ಒಂದು ಬಾಟಲಿ ತುಂಬಿ ಕೊಟ್ಟಳು.

ಪ್ರಯೋಗದ ಕ್ರಮ ಹೀಗಿತ್ತು. ಎಡಗಿವಿಗೆ ರಾಮದುರ್ಗದ ಎಣ್ಣೆ, ಬಲಗಿವಿಗೆ ಬರೀ ಎಳ್ಳೆಣ್ಣೆ. ಚಿತ್ರ ಹಿಡಿಯುವ ಕ್ಷಣದಲ್ಲಿ ಮಾತ್ರ ದೀಪ ಬೆಳಗಬೇಕು. ಉಳಿದಂತೆ ಆರಿರಬೇಕು, ಏಕೆಂದರೆ ಬಲ್ಬಿನ ಕಾವಿಗೂ ನಾಳ ಹಿಗ್ಗುತ್ತದೆ. ಇದು ಸರ್‌ಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಕ್ರಮದಲ್ಲಿಯೂ ಇತ್ತು.

ಎಡಗಿವಿಯ ಎಣ್ಣೆಗೆ ಸರ್ "ಹಚ್ಚು" ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಎಣ್ಣೆಯನ್ನೂ ಹಚ್ಚುತ್ತೇವೆ, ದೀಪವನ್ನೂ ಹಚ್ಚುತ್ತೇವೆ. ಮೌಲಾ ಎರಡನ್ನೂ ಹಚ್ಚಿದ. ಬಲಗೈಯಿಂದ ಎಣ್ಣೆ, ಎಡಗೈಯಿಂದ ದೀಪ. ಡಬ್ಬಿಯನ್ನು ಆ ಕಡೆ ಸರಿಸಿ ಬಲಗಿವಿಯ ಸರದಿ ಬಂದಾಗ ಸರ್, "ಇದನ್ನ ಸುಮ್ಮನ ಸವರು" ಎನ್ನುತ್ತಿದ್ದರು. ಬರೀ ಎಣ್ಣೆಯಲ್ಲವೇ, ಅದರಲ್ಲಿ ಯಾರಿಗೂ ಆಸಕ್ತಿ ಇರಲಿಲ್ಲ. ಮೌಲಾ ಸವರಿ ಸುಮ್ಮನೆ ಕೂರುತ್ತಿದ್ದ, ಟೀವಿ ಕಪ್ಪಗಿರುತ್ತಿತ್ತು, ನಾವು ಚಹಾ ಕುಡಿಯುತ್ತಿದ್ದೆವು. ಕೊನೆಯಲ್ಲಿ ಒಂದು ಚಿತ್ರ ಹಿಡಿದರೆ ಮುಗಿಯಿತು.

ಎಡಗಿವಿಯ ಹೊತ್ತಿನಲ್ಲಿ ದೀಪ ಉರಿಯುತ್ತಲೇ ಇದೆ ಎಂದು ನಮಗೆ ಕಾಣಲಿಲ್ಲವೇ? ಕಾಣುತ್ತಿತ್ತು. ಅದು ಉರಿಯದಿದ್ದರೆ ಪರದೆಯ ಮೇಲೆ ಏನಿರುತ್ತಿತ್ತು? ನಮಗೆ ನಾಳ ಅರಳುವುದನ್ನು ನೋಡಬೇಕಾಗಿತ್ತು. ನೋಡುವ ಆಸೆಯಲ್ಲಿ ಯಾರೂ ಆ ಪ್ರಶ್ನೆ ಎತ್ತಲಿಲ್ಲ.

ಮಸಿ ಕಾಗದದ ಗೀರು ಓದಲು ಕಲಿತವರಿಗಷ್ಟೇ ತಿಳಿಯುತ್ತಿತ್ತು. ಟೀವಿಯಲ್ಲಿ ಕಂಡದ್ದು ಎಲ್ಲರಿಗೂ ತಿಳಿಯಿತು. ಆಡಳಿತ ಮಂಡಳಿಯವರು ಬಂದು ನೋಡಿದರು, ಹುಡುಗರು ನೋಡಿದರು, ಅಂಚೆಯವನೂ ನಿಂತು ನೋಡಿ ಹೋದ. ಸರ್ ಪ್ರತಿಸಲವೂ ಮೌಲಾನನ್ನು ಕರೆದು ತೋರಿಸುತ್ತಿದ್ದರು. "ನೋಡೋ ಮೌಲಾ, ಕಾಲವಿಗಿ ನೀರ ಬಿಟ್ಟಂಗ ರಗತ ಹೆಂಗ ಹರಿಯಾಕತ್ತೈತಿ." ಮೌಲಾ ಮೊಲದ ತಲೆಯ ಮೇಲಿನ ಕೈ ತೆಗೆಯದೆ ಕತ್ತು ಚಾಚಿ ನೋಡುತ್ತಿದ್ದ. ನಮಗಿಂತ ಹೆಚ್ಚು ಆಸೆಯಿಂದ ನೋಡುತ್ತಿದ್ದ. ಅದಕ್ಕೆ ಕಾರಣವಿತ್ತು.

ಅವನ ಬಲಗಾಲು ಕೆಟ್ಟಿತ್ತು. ಬಸ್ ನಿಲ್ದಾಣದಿಂದ ಕಾಲೇಜಿಗೆ ಬರುವಾಗ ನಡುವೆ ಒಂದು ಬೇವಿನ ಮರದ ಕೆಳಗೆ ಮೀನಖಂಡ ಹಿಡಿದುಕೊಂಡು ಕೂರುತ್ತಿದ್ದ. ಪಾದ ಸದಾ ತಣ್ಣಗೆ ಎನ್ನುತ್ತಿದ್ದ. ಹೆಬ್ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ವಯಸ್ಸು ನಲವತ್ತೂ ಇರಲಿಲ್ಲ. ಬೀಡಿ ಬಹಳ ಸೇದುತ್ತಿದ್ದ. ಸರ್ ಒಂದೆರಡು ಸಲ ಬೈದಿದ್ದರು. "ಆ ಬೀಡಿ ಬಿಡೋ ಮಾರಾಯಾ. ಡಾಕ್ಟರಗ ತೋರಸು."

"ಬಿಡತೇನ್ರಿ ಸರ್. ಈ ಕಟ್ಟ ಒಂದ್ ಮುಗೀಲಿ."

ಒಂದು ದಿನ ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ನೋಡಿ ಅವನು ನನ್ನ ಕಡೆ ತಿರುಗಿದ. "ಬಸಣ್ಣಾ, ಮೊಲದ ಕಿವ್ಯಾಗ ಇಷ್ಟ ಛಲೋ ಕೆಲಸ ಮಾಡತೈತಿ. ನನ್ನ ಕಾಲೇನ್ ಪಾಪ ಮಾಡೇತಿ?" ನಾನು ಕೆಮ್ಮಿನ ಔಷಧದ ಖಾಲಿ ಬಾಟಲಿ ತೊಳೆದು, ಅದರಲ್ಲಿ ತುಂಬಿಕೊಟ್ಟೆ. ಗೆಳೆಯನಿಗೆ ಒಳ್ಳೆಯದನ್ನು ಮಾಡಿದೆ ಎಂಬ ಸಂತೋಷ ನನಗಿತ್ತು. ಎಣ್ಣೆಯನ್ನು ನಾವೆಲ್ಲ ಆಗ ನಂಬಿದ್ದೆವು.

ಸತ್ಯ ಗೊತ್ತಾದದ್ದು ಕರೆಂಟು ಹೋದದ್ದರಿಂದ. ಬೇಸಿಗೆಯ ಒಂದು ಬೆಳಿಗ್ಗೆ, ಎಡಗಿವಿಗೆ ಎಣ್ಣೆ ಹಚ್ಚಿದ ಕೂಡಲೇ ದೀಪ, ಟೀವಿ, ಫ್ಯಾನು ಒಟ್ಟಿಗೆ ನಿಂತವು. ಸರ್ ಮೊಲವನ್ನು ಹಾಗೇ ಇರಲು ಬಿಟ್ಟರು. ಸಾಕಷ್ಟು ಹೊತ್ತಿನ ನಂತರ ಕರೆಂಟು ಬಂತು. ನಾನು ಚಿತ್ರ ಹಿಡಿದೆ. ದಾರ ದಾರವಾಗಿಯೇ ಇತ್ತು.

ಬಾಗಿಲ ಹತ್ತಿರದಿಂದ ಸುಮಂಗಲಾ ಮೇಡಂ ಮೇಜಿನವರೆಗೆ ನಡೆದು ಬಂದರು. ಡಬ್ಬಿಯ ಮೇಲೆ ಕೈ ಇಟ್ಟು, ಕಾವು ಏರುತ್ತಲೇ ಕೈ ಹಿಂದೆಗೆದರು. "ಮೌಲಾ, ಎಣ್ಣಿ ಹಚ್ಚಿದ ಮ್ಯಾಲೆ ದೀಪ ಯಾಕ ಇಡತೀ?"

"ಸರ್ ಹಚ್ಚು ಅಂತಾರಲ್ರಿ ಮೇಡಮ್ಮಾರ."

"ಈ ಕಡೆ ಕಿವಿಗೆ?"

"ಅದಕ್ಕ ಸವರು ಅಂತಾರ್ರಿ. ಹಚ್ಚು ಅನ್ನಾಂಗಿಲ್ಲ."

ಮುಂದಿನ ವಾರಗಳಲ್ಲಿ ಸರ್ ಎಲ್ಲ ಮೊಲಗಳನ್ನೂ ಮತ್ತೆ ತರಿಸಿ, ದೀಪ ಆರಿಸಿಟ್ಟು, ಮೊದಲಿನಿಂದ ಮಾಡಿದರು. ರಾಮದುರ್ಗದ ಎಣ್ಣೆ ಒಂದು ಕಿವಿಯಲ್ಲೂ ಏನೂ ಮಾಡಲಿಲ್ಲ. ಬರೀ ಎಳ್ಳೆಣ್ಣೆ ಸವರಿ ದೀಪ ಉರಿಸಿದರೆ ನಾಳ ಅದೇ ರೀತಿ ಅರಳಿತು. ಅಚ್ಚಿಗೆ ಕಳಿಸಲು ಸಿದ್ಧವಾಗಿದ್ದ ಬರಹವನ್ನು ಸರ್ ತಡೆದರು. ಅದನ್ನು ಮುಚ್ಚಿಡುವ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಇದನ್ನು ನಾನು ಅವರ ಪರವಾಗಿ ಹೇಳಬೇಕು.

ಕೊನೆಯ ಮೊಲದ ಪ್ರಯೋಗ ಮುಗಿದ ದಿನ ನಾವು ಅದೇ ನಾಲ್ವರು ಅಲ್ಲಿದ್ದೆವು. ಸರ್ ಸ್ಟೂಲಿನ ಮೇಲೆ ಕುಸಿದು ಕುಳಿತಿದ್ದರು. ಮೌಲಾ ಅವರ ಮುಖವನ್ನೇ ನೋಡುತ್ತಿದ್ದ. ಅವನು ಎಣ್ಣೆ ಹಚ್ಚಿಕೊಳ್ಳುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಹೇಳಲೇಬೇಕಿತ್ತು.

ಸರ್ ಹೇಳಿದರು: "ಮೌಲಾ, ಆ ಎಣ್ಣಿಯೊಳಗ ಏನೂ ಇಲ್ಲೋ. ರಗತದ ದಾರಿ ತೆರದದ್ದು ದೀಪದ ಕಾವಿಗೆ."

ಮೌಲಾ ಡಬ್ಬಿಯ ಕಡೆ ನೋಡಿದ. ಆಮೇಲೆ ಸರ್ ಕಡೆ ನೋಡಿದ. "ಹಂಗಾರ ದೀಪಾನ ಔಷಧ ಆತಲ್ರಿ ಸರ್?"

ಮೊದಲು ನಕ್ಕವರು ಸರ್. ಆ ಬೆಳಿಗ್ಗೆಯೆಲ್ಲ ಅವರ ಕಣ್ಣು ಒದ್ದೆಯಾಗಿತ್ತು, ಅವರು ನಕ್ಕರಲ್ಲ ಎಂಬ ನಿರಾಳಕ್ಕೆ ನಾನೂ ನಕ್ಕೆ. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡರು. ಸರ್ ಕಣ್ಣೊರೆಸಿಕೊಳ್ಳುತ್ತ, "ಹೂಂ ಮತ್ತ! ಇನ್ನ ಕಾಲೇಜ ಬಿಟ್ಟು ಪ್ಯಾಟ್ಯಾಗ ಬಲ್ಬ ಮಾರೂಣು ನಡೀರಿ" ಎಂದರು. ಇನ್ನಷ್ಟು ನಕ್ಕೆವು. ಮೌಲಾನೂ ನಕ್ಕ ಎಂದೇ ನನ್ನ ನೆನಪಿನಲ್ಲಿತ್ತು.

ಅದಾದ ಮೇಲೆ ಅವನು ಎಣ್ಣೆ ಕೇಳುವುದನ್ನು ನಿಲ್ಲಿಸಿದ. ಮಾತು ತಲೆಗೆ ಹೋಯಿತು ಎಂದು ನಾನು ಸಮಾಧಾನಪಟ್ಟೆ.

ಮಳೆಗಾಲ ಶುರುವಾಗಿತ್ತು. ಒಂದು ಮಧ್ಯಾಹ್ನ ಬುತ್ತಿ ಡಬ್ಬಿ ಮರೆತು ಅರ್ಧದಾರಿಯಿಂದ ಕೋಣೆಗೆ ಮರಳಿದೆ. ಬಾಗಿಲು ತೆರೆಯುವ ಮೊದಲೇ ವಾಸನೆ ಬಂತು. ತಂತಿ ಸುಡುತ್ತಿರಬೇಕು ಎಂದುಕೊಂಡೆ. ಒಳಗೆ ಮೌಲಾ ಸ್ಟೂಲಿನ ಮೇಲೆ ಕುಳಿತಿದ್ದ. ತೊಡೆಯ ಮೇಲೆ ಒಂದು ಮೊಲ, ಅದಕ್ಕೆ ಕುದುರೆಮೆಂತೆ ಸೊಪ್ಪು ತಿನ್ನಿಸುತ್ತಿದ್ದ. ಬಲಗಾಲು ಮೇಜಿನ ಮೇಲಿತ್ತು. ಹೆಬ್ಬೆರಳು ಬಲ್ಬಿಗೆ ತಾಗುವಷ್ಟು ಹತ್ತಿರ, ಬಲ್ಬು ಉರಿಯುತ್ತಿತ್ತು.

"ಮೌಲಾ! ಕಾಲ ತಗಿ! ಸುಡವಲ್ದೇನೋ ನಿನಗ?"

ಅವನು ನನ್ನನ್ನು ಶಾಂತವಾಗಿ ನೋಡಿದ. "ಇಲ್ಲ ಬಸಣ್ಣಾ. ದಿನಾ ಇಡತೇನಿ, ಇನ್ನೂ ಕಾವs ಹತ್ತವಲ್ದು. ಅದಕ್ಕ ಇವತ್ತ ಜರಾ ಸಮೀಪ ಇಟ್ಟೇನಿ."

ಬೆರಳಿನ ಚರ್ಮ ಬೊಬ್ಬೆ ಬಂದು ಒಡೆದಿತ್ತು. ಪಾದದ ಅಂಚು ಕಪ್ಪಗಾಗಿತ್ತು. ರಕ್ತ ಹರಿಯದ ಅಂಗಕ್ಕೆ ನೋವು ತಿಳಿಯುತ್ತದೆ, ಮೊದಮೊದಲು ಬಹಳವೇ ತಿಳಿಯುತ್ತದೆ. ಕೊನೆಗೆ ಏನೂ ತಿಳಿಯುವುದಿಲ್ಲ. ಇದನ್ನು ನಾನು ಓದಿದ್ದು ಆಮೇಲೆ.

ಊರಿನ ದವಾಖಾನೆಗೆ ಅವನನ್ನು ಸರ್ ಮತ್ತು ನಾನು ಕರೆದುಕೊಂಡು ಹೋದೆವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಸುಟ್ಟ ಬೆರಳನ್ನು ಅವರು ಮೊದಲು ನೋಡಲಿಲ್ಲ. ಪಾದದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಹಿಮ್ಮಡಿಯ ಒಳಬದಿಗೆ ಇಟ್ಟರು, ಆಮೇಲೆ ಮೊಣಕಾಲಿನ ಹಿಂದೆ. ನಂತರ ತಲೆಯೆತ್ತಿ ಕೇಳಿದರು: "ಇಲ್ಲಿ ನಾಡಿನೇ ಇಲ್ಲಲ್ರಿ. ಇಷ್ಟು ದಿನ ಯಾರೂ ಮುಟ್ಟಿ ನೋಡಿಲ್ಲೇನು?"

ಯಾರೂ ಮುಟ್ಟಿರಲಿಲ್ಲ. ದಿನವಿಡೀ ರಕ್ತನಾಳಗಳನ್ನು ನೋಡುವುದೇ ನಮ್ಮ ಕೆಲಸವಾಗಿತ್ತು. ಮುಟ್ಟದೆ ನೋಡುತ್ತೇವೆ ಎಂಬುದು ನಮ್ಮ ಹೆಮ್ಮೆಯಾಗಿತ್ತು. ನಮ್ಮ ಪಕ್ಕದಲ್ಲೇ ಕುಳಿತವನ ಪಾದದ ಮೇಲೆ ಎರಡು ಬೆರಳಿಡುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಣ್ಣೆ ಕೆಲಸ ಮಾಡುವುದಿಲ್ಲ ಎಂದು ಅವನಿಗೆ ತಿಳಿಸಿ, ಪ್ರಯೋಗ ಸರಿಪಡಿಸಿ, ಮನೆಗೆ ಹೋದೆವು.

ಬೆಳಗಾವಿಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಬೀಡಿಯಿಂದ ನಾಳಗಳು ಮುಚ್ಚಿ ಬಹಳ ದಿನವಾಗಿತ್ತು, ಬೆರಳಂತೂ ಉಳಿಯುತ್ತಿರಲಿಲ್ಲ, ಆದರೆ ಸುಟ್ಟ ಗಾಯ ಕೊಳೆತು ಮೇಲೇರಿದ್ದರಿಂದ ಕಾಲೇ ಹೋಯಿತು ಎಂದು ಅಲ್ಲಿಯವರು ಹೇಳಿದರು. ನಾನು ಕೇಳಿದ್ದನ್ನು ಕೇಳಿದಂತೆ ಬರೆಯುತ್ತಿದ್ದೇನೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಸರ್ ಮತ್ತು ನಾನು ನೇಸರಗಿಗೆ ಹೋದೆವು. ಸರ್ ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ತುಟಿ ಅಲುಗಿಸುತ್ತಿದ್ದರು. ಮೌಲಾನ ಹೆಂಡತಿ ಚಾಪೆ ಹಾಸಿ ಚಹಾ ತಂದಳು. "ಬಂದದ್ದು ಭಾಳ ಛಲೋ ಆತ್ರಿ ಸರ್. ಮೊಲಕ್ಕ ಮೇವ ಯಾರ ಹಾಕತಾರ, ಏನ್ ಹಾಕತಾರ ಅಂತ ಬರೇ ಅದs ಹಾಡ ಹಚ್ಚ್ಯಾರ್ರಿ ಇವರು." ಗೋಡೆಗೊರಗಿ ಕುಳಿತಿದ್ದ ಮೌಲಾ, ಬರಲು ಆಗದ್ದಕ್ಕೆ ನಮ್ಮ ಕ್ಷಮೆ ಕೇಳಿದ. ಸರ್ ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತು. ಹೇಳಬೇಕಾದದ್ದನ್ನು ಹೇಳದೆಯೇ ಎದ್ದರು. ನಾನೂ ಎದ್ದೆ.

ಆಮೇಲೆ ನಮ್ಮ ಪ್ರಯೋಗಾಲಯದಲ್ಲಿ ಬಲ್ಬಿನ ಮುಂದೆ ನೀರು ತುಂಬಿದ ಗಾಜಿನ ತೊಟ್ಟಿ ಬಂತು, ಅದು ಬೆಳಕನ್ನು ಬಿಟ್ಟು ಕಾವನ್ನು ಬಹುಮಟ್ಟಿಗೆ ತಡೆಯುತ್ತದೆ. "ದೀಪ ಉರಿಸು", "ದೀಪ ಆರಿಸು", "ಎಣ್ಣೆ ಸವರು" ಎಂದು ಸರ್ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದರು. "ಹಚ್ಚು" ಎಂಬ ಮಾತು ಆ ಕೋಣೆಯಲ್ಲಿ ಮತ್ತೆ ಕೇಳಲಿಲ್ಲ. ಮೌಲಾ ಊರುಗೋಲು ಹಿಡಿದು ಕೆಲಸಕ್ಕೆ ಮರಳಿದ, ಬೀಡಿ ಬಿಟ್ಟ, ನನಗಿಂತ ಮೊದಲೇ ನಿವೃತ್ತನಾದ.

ಎರಡು ಸಾವಿರದ ಮೊದಲ ದಶಕದಲ್ಲಿ ಶಬ್ದದ ಅಲೆಗಳಿಂದ ರಕ್ತದ ಓಟ ತೋರಿಸುವ ಯಂತ್ರ ಬಂತು. ಪುಟ್ಟ ಇಲಿಯ ನಾಳವನ್ನೂ ಅದು ಬಣ್ಣದಲ್ಲಿ ತೋರಿಸುತ್ತದೆ, ಹರಿಯುವ ಸದ್ದನ್ನೂ ಕೇಳಿಸುತ್ತದೆ. ಯಂತ್ರ ಕೂರಿಸಲು ಬಂದವರು ಹೋದ ಮೇಲೆ ನಾನು ನನ್ನ ಚಪ್ಪಲಿ ಬಿಟ್ಟು ಅದರ ತಂತಿಯ ತುದಿಯ ಹಿಡಿಯನ್ನು ಪಾದದ ಮೇಲೆ ಇಟ್ಟುಕೊಂಡೆ. ಜೋರಾಗಿ, ತಾಳ ತಪ್ಪದೆ ಸದ್ದು ಬಂತು. ಕೇಳಿಸಿಕೊಳ್ಳಲಾಗದೆ ಆರಿಸಿದೆ. ಹೊಸಬರೇ, ನಿಮ್ಮ ಯಂತ್ರಗಳು ಇನ್ನೂ ಚೆನ್ನಾಗಿರುತ್ತವೆ. ಅವು ತೋರಿಸುವ ಚಿತ್ರವನ್ನು ನಿಮ್ಮ ಪಕ್ಕದಲ್ಲಿರುವವರೂ ನೋಡುತ್ತಿರುತ್ತಾರೆ. ಅವರು ಅದರಲ್ಲಿ ಏನು ಕಾಣುತ್ತಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ಇದನ್ನು ಬರೆಯುವ ಮೊದಲು ನಾನು ನೇಸರಗಿಗೆ ಹೋಗಿ ಮೌಲಾನ ಪಕ್ಕದಲ್ಲಿ ಕುಳಿತೆ. ಬರೆಯಲಾ ಎಂದು ಕೇಳಿದೆ. ಬರಿ ಎಂದ. ಬರೆಯಬೇಕಾದದ್ದನ್ನು ಒಂದೊಂದಾಗಿ ಹೇಳುತ್ತ ಬಂದೆ. "ಆವತ್ತ ನೀ ದೀಪಾನ ಔಷಧ ಅಂತ ಚ್ಯಾಷ್ಟಿ ಮಾಡಿದಿ, ಎಲ್ಲಾರೂ ನಕ್ಕಿವಿ" ಎಂದಾಗ ಅವನು ನನ್ನನ್ನು ತಡೆದ.

"ಚ್ಯಾಷ್ಟಿ ಅಲ್ಲ ಬಸಣ್ಣಾ. ನಾ ಕೇಳಿದ್ದೆ."

"ನೀನೂ ನಕ್ಕಿದ್ದೆಲ್ಲೋ?"

"ನಾ ಯಾಕ ನಗಲಿ? ನೀವು ನಕ್ರಿ. ಸರ್ ಹೂಂ ಅಂದ್ರು."

ಅಂದು ಆ ಕೋಣೆಯಲ್ಲಿದ್ದವರು ನಾವು ನಾಲ್ವರು. ಪಟ್ಟಣಶೆಟ್ಟಿ ಸರ್ ತೀರಿಕೊಂಡಿದ್ದಾರೆ. ಸುಮಂಗಲಾ ಮೇಡಂ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ, ಅವರಿಗೂ ಎಲ್ಲ ನೆನಪಿದೆ. ಮೌಲಾಸಾಬ ನೇಸರಗಿಯಲ್ಲಿದ್ದಾನೆ.